ಖದ್ರಾಳ ಮೇಲಿನ ಆಣೆ

ಕತ್ರಾನಾ ಎಂಬ ಊರಿನಲ್ಲಿ ಪಂಕ್ಚರ್ ಅಂಗಡಿಯ ಅವ್ವಾದನ ಕೈಗೆ ಸಿಕ್ಕಿ ಉಣ್ಣದೆ ಹೋದವರು ಇಲ್ಲವೇ ಇಲ್ಲ. ಮರುಭೂಮಿಯ ಹೆದ್ದಾರಿಯಲ್ಲಿ ಅಕಾಬಾ ಬಂದರಿಗೆ ಹೋಗುವ ಲಾರಿಯವರು, ಮದೀನಾ ಮಕ್ಕಾಗಳಿಗೆ ಯಾತ್ರಿಕರನ್ನು ಕರೆದೊಯ್ಯುವ ಬಸ್ಸಿನವರು, ಕಡೆಗೆ ದಂಡ ಹಾಕಲೆಂದು ಬಂದ ಪೊಲೀಸರು ಕೂಡ ಟೈರು ಬಿಚ್ಚುವಷ್ಟರಲ್ಲಿ ಬಲೆಗೆ ಬಿದ್ದಿರುತ್ತಾರೆ. "ಊಟ ಮಾಡ್ಕೊಂಡು ಹೋಗು" ಅನ್ನುತ್ತಾನೆ ಅವ್ವಾದ್. "ಬೇಡ ಅಣ್ಣಾ, ಹೊತ್ತಾಯ್ತು" ಅಂದರೋ, ಮುಗಿಯಿತು. ಕೈಲಿದ್ದ ಸ್ಪ್ಯಾನರ್ ಮೇಲೆತ್ತಿ ಗರ್ಜಿಸುತ್ತಾನೆ: "ಮೂರು ತಲಾಖ್! ನೀನು ಉಣ್ಣದೆ ಈ ಅಂಗಡಿ ಬಿಟ್ರೆ ನನ್ನ ಹೆಂಡ್ತಿ ನನ್ನವಳಲ್ಲ!" ಇನ್ನೊಬ್ಬನ ಸಂಸಾರ ಒಡೆದ ಪಾಪ ಯಾರಿಗೆ ಬೇಕು ಹೇಳಿ. ಬಂದವನು ತೆಪ್ಪಗೆ ಕೈ ತೊಳೆಯಲು ಏಳುತ್ತಾನೆ.

ಹೀಗೆ ದಾರಿಹೋಕರ ಊಟಕ್ಕೆ ಪಣವಾಗಿ ನಿಂತು ನಿಂತೇ ಬಾಳುವೆ ಮಾಡಿದವಳು ಅವನ ಹೆಂಡತಿ ಖದ್ರಾ. ಆ ಸೀಮೆಯ ಗಂಡಸರಿಗೆಲ್ಲ ಈ ಚಟ ಅಷ್ಟಿಷ್ಟು ಇದ್ದದ್ದೇ. ಅದು ಬರೀ ಬಾಯಿಯ ಬಿಸಿ ಅಂತ ಆಣೆ ಹಾಕಿದವನಿಗೂ ಗೊತ್ತು, ಹಾಕಿಸಿಕೊಂಡವನಿಗೂ ಗೊತ್ತು. ಆದರೂ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತಿಥಿ ಒಂದು ತುತ್ತು ನುಂಗುವ ತನಕ ಮನೆಯವರಿಗೆಲ್ಲ ಎದೆ ಢವಢವ. ಅವ್ವಾದನದು ಮಾತ್ರ ಚಟವೂ ಅಲ್ಲ, ಉಸಿರಾಟವೇ ಆಗಿಬಿಟ್ಟಿತ್ತು. ಚಹಾಕ್ಕೆ ಆಣೆ, ಕಲ್ಲಂಗಡಿಯ ಒಂದು ಹೋಳಿಗೂ ಆಣೆ, ಮಗಳ ಮದುವೆಯಲ್ಲಿ ಬೀಗರು ಇನ್ನೊಂದು ತುಂಡು ಮಾಂಸ ಹಾಕಿಸಿಕೊಳ್ಳಲಿ ಅಂತ ಆಣೆ.

ಅಂಗಡಿಯ ಹಿಂದೆಯೇ ಮನೆ. "ಮೂರು" ಅನ್ನುವ ಸದ್ದು ಕಿವಿಗೆ ಬಿದ್ದರೆ ಸಾಕು, "ತಲಾಖ್" ಬರುವ ಮೊದಲೇ ಖದ್ರಾ ಅಕ್ಕಿ ನೆನೆಹಾಕುತ್ತಿದ್ದಳು. ಒಮ್ಮೆ ಇರಾಕಿನ ಲಾರಿಯವನೊಬ್ಬ ಕಣ್ಣುತಪ್ಪಿಸಿ ಹೊರಟೇಬಿಟ್ಟ. ಇವಳು ಅನ್ನ ಮಾಂಸದ ತಟ್ಟೆ ಹಿಡಿದುಕೊಂಡು ಹೆದ್ದಾರಿಯ ನಟ್ಟನಡುವೆ ನಿಂತು ಲಾರಿ ತಡೆದಳು. "ಒಂದು ತುತ್ತು ತಿನ್ನಪ್ಪಾ ಮಗನೇ. ಮೊಮ್ಮಕ್ಕಳನ್ನ ಕಂಡವಳು ನಾನು, ಈ ವಯಸ್ಸಲ್ಲಿ ನನ್ನ ತವರಿಗೆ ಕಳಿಸ್ಬೇಡ" ಅಂದಳು. ಅವನು ಸ್ಟೇರಿಂಗ್ ಹಿಡಿದುಕೊಂಡೇ ಬಾಯಿ ತೆರೆದ. ಇವಳು ತುತ್ತು ಇಟ್ಟಳು. ಅವ್ವಾದ್ ಆ ಸಂಜೆ ಕಟ್ಟೆಯ ಮೇಲೆ ಕೂತು, "ನೋಡಿದ್ರಾ, ನನ್ನ ಮಾತು ಇವತ್ತಿನವರೆಗೂ ಬಿದ್ದಿಲ್ಲ" ಅಂತ ಮೀಸೆ ತಿರುವಿದ. ಬೀಳದಂತೆ ಹಿಡಿದವಳು ಒಳಗೆ ಪಾತ್ರೆ ತಿಕ್ಕುತ್ತಿದ್ದಳು ಬಿಡಿ.

ಖದ್ರಾಳಿಗೆ ಇದ್ದದ್ದು ಒಂದೇ ಆಸೆ, ಮಕ್ಕಾದ ಉಮ್ರಾ ಯಾತ್ರೆ. ಹೆದ್ದಾರಿ ಪಕ್ಕದಲ್ಲಿ ಮನೆ ಇದ್ದವರಿಗೆ ಅದೊಂದು ಶಿಕ್ಷೆಯೇ ಸರಿ. ವರ್ಷವಿಡೀ ಯಾತ್ರಿಕರ ಬಸ್ಸುಗಳು ಕಣ್ಣೆದುರೇ ದಕ್ಷಿಣಕ್ಕೆ ಹೋಗುತ್ತವೆ. ಅವುಗಳ ಟೈರಿಗೆ ಗಂಡ ತೇಪೆ ಹಾಕುತ್ತಾನೆ, ಕ್ಯಾನುಗಳಿಗೆ ಇವಳು ನೀರು ತುಂಬುತ್ತಾಳೆ, ಕಿಟಕಿಯಲ್ಲಿ ಕೂತ ಹೆಂಗಸರಿಗೆ "ಅಕ್ಕಾ, ಕಾಬಾದ ಎದುರು ನನ್ನ ಹೆಸರೂ ಹೇಳಿ" ಅಂತ ಕೂಗಿ ಹೇಳುತ್ತಾಳೆ. ಎಷ್ಟೋ ಬಾಯಲ್ಲಿ ಇವಳ ಹೆಸರು ಅಲ್ಲಿಗೆ ಹೋಗಿಬಂದಿತ್ತು, ಇವಳೇ ಹೋಗಿರಲಿಲ್ಲ. ಮಕ್ಕಳ ಮದುವೆ ಆಗಲಿ, ಮೇಲಂತಸ್ತು ಆಗಲಿ ಅಂತ ಅವ್ವಾದ್ ಮುಂದೂಡುತ್ತ ಬಂದ. ಕಡೆಗೆ ಹಿರಿಮಗ ನವ್ವಾಫ್ ಅಪ್ಪನನ್ನು ಕೇಳದೆಯೇ ಇಬ್ಬರ ಹೆಸರನ್ನೂ ಯಾತ್ರೆಯ ಗುಂಪೊಂದಕ್ಕೆ ಸೇರಿಸಿಬಿಟ್ಟ.

ಹೊರಡುವ ಬೆಳಿಗ್ಗೆ ಅವಳು ಚೀಲದ ಬಾಯಿ ಕಟ್ಟುತ್ತ, ಎಂದಿನಂತೆ ನವ್ವಾಫನ ಅಪ್ಪ ಅಂತಲೇ ಕರೆದು, ಗಂಡನಿಗೆ ಹೇಳಿದಳು. "ಅಬು ನವ್ವಾಫ್, ನಾವು ಹೋಗ್ತಿರೋದು ದೇವರ ಮನೆಗೆ. ಈ ದಾರೀಲಿ ಆಣೆ ಗೀಣೆ ಏನೂ ಬೇಡ."

"ಆಯ್ತು ಬಿಡು. ಮೂರು ತಲಾಖ್, ನಾನಿನ್ನು ಆಣೆ..."

ಅವಳು ಓಡಿಬಂದು ಅಂಗೈಯಿಂದ ಅವನ ಬಾಯಿ ಮುಚ್ಚಿದಳು. ಆ ಆಣೆ ಅರ್ಧಕ್ಕೇ ನಿಂತಿತು, ದೇವರು ದೊಡ್ಡವನು.

ಬಸ್ಸಿನಲ್ಲಿ ಅವ್ವಾದ್ ನಿಜಕ್ಕೂ ಹಲ್ಲು ಕಚ್ಚಿಕೊಂಡಿದ್ದ. ಖದ್ರಾ ಕಟ್ಟಿ ತಂದಿದ್ದ ಬೇಯಿಸಿದ ಮೊಟ್ಟೆ, ಆಲಿವ್, ಝಾತರ್ ಸೊಪ್ಪಿನ ಪುಡಿ ಸವರಿದ ರೊಟ್ಟಿಗಳನ್ನು ಇಡೀ ಬಸ್ಸಿಗೆ ಹಂಚಿದ. ಯಾರಾದರೂ ಬೇಡವೆಂದರೆ ಅವನ ಗಂಟಲಲ್ಲಿ "ಮೂ..." ಅಂತ ಏನೋ ಹೊರಳುತ್ತಿತ್ತು. ಖದ್ರಾ ಮೊಣಕೈಯಿಂದ ತಿವಿಯುತ್ತಿದ್ದಳು. ಅವನು "ಮೂ... ಮೂಲಂಗಿ ಇದ್ರೆ ಇನ್ನೂ ಚೆನ್ನಾಗಿರ್ತಿತ್ತು" ಅಂತ ಏನಾದರೊಂದು ಹೇಳಿ ನುಂಗಿಕೊಳ್ಳುತ್ತಿದ್ದ. ಹಿಂದಿನ ಸೀಟಿನ ಉಮ್ಮು ಝೈದ್, ಕರಕ್ ಕಡೆಯ ಬಾಯಿಬಡುಕಿ ಮುದುಕಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನಿನ್ನ ಗಂಡನ ಹೊಟ್ಟೇಲಿ ಆಣೆಗಳು ಕೊಳೀತಿವೆ ಕಣೇ ತಂಗಿ, ಜೀರಿಗೆ ಕಷಾಯ ಕೊಡು."

ಬಸ್ಸು ಮಆನ್ ಊರು ದಾಟಿತು. ಆಮೇಲೆ ಬರೀ ಕಲ್ಲು ಮರಳು, ಅಲ್ಲೊಂದು ಇಲ್ಲೊಂದು ಒಂಟೆ. ತಮ್ಮ ದೇಶದ ಗಡಿಠಾಣೆಯಲ್ಲಿ ನಿರ್ಗಮನದ ಮುದ್ರೆ ಬಿತ್ತು. ಅಲ್ಲಿಂದ ಸೌದಿಯ ಠಾಣೆಯವರೆಗೆ ಒಂದು ತುಂಡು ಬಯಲು. "ಇದು ಯಾರ ನೆಲ?" ಅಂತ ಅವ್ವಾದ್ ಡ್ರೈವರನನ್ನು ಕೇಳಿದ.

"ಯಾರದ್ದೂ ಅಲ್ಲ ಹಾಜಿ."

"ಯಾರದ್ದೂ ಅಲ್ಲ ಅಂದ್ರೆ? ಇಲ್ಲಿ ಯಾರಾದ್ರೂ ಬಂದ್ರೆ ಕಾಫಿ ಕೊಡೋರ್ಯಾರು?"

ಅವ್ವಾದ್ ತನ್ನ ಫ್ಲಾಸ್ಕನ್ನು ತೊಡೆಯ ಮೇಲೆ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಅದರಲ್ಲಿ ಬೆಳಗಿನ ಜಾವ ಅವನೇ ಹುರಿದು ಕುಟ್ಟಿ ಕುದಿಸಿದ ಏಲಕ್ಕಿಯ ಕಹಿಕಾಫಿ ಇತ್ತು. ಅಡುಗೆಮನೆಯಲ್ಲಿ ಅವನಿಗೆ ಬರುತ್ತಿದ್ದ ಕೆಲಸ ಅದೊಂದೇ.

ಸೌದಿಯ ಠಾಣೆಯ ದೊಡ್ಡ ಹಾಲ್‌ನಲ್ಲಿ ಎಲ್ಲರನ್ನೂ ಇಳಿಸಿದರು. ಹೆಂಗಸರದ್ದು ಬೇರೆ ಸಾಲು. ಖದ್ರಾ ಬೆರಳುಗಳನ್ನು ಗಾಜಿನ ಮೇಲಿಟ್ಟಳು, ಕ್ಯಾಮೆರಾ ನೋಡಿದಳು. ಟಪ್ಪೆಂದು ಮುದ್ರೆ ಬಿತ್ತು. "ದೇವರ ಅತಿಥಿಗಳಿಗೆ ಸ್ವಾಗತ, ಅಮ್ಮಾ" ಅಂದಳು ಕೌಂಟರಿನ ಹುಡುಗಿ. ಖದ್ರಾ ಹಳದಿ ಗೆರೆ ದಾಟಿ ಆಚೆ ನಿಂತಳು. ಅವಳಿಗೆ ಕುಣಿಯುವುದೊಂದು ಬಾಕಿ.

ಗಂಡಸರ ಕೌಂಟರಿನಲ್ಲಿ ಕೂತಿದ್ದವನು ಮಿಶಾಲ್ ಅನ್ನುವ ತರುಣ ಅಧಿಕಾರಿ. ಬಿಳಿ ಗಡ್ಡದ ಅವ್ವಾದ್ ಎದುರು ನಿಂತಾಗ ಅವನು ಮಾಡಿದ ತಪ್ಪು ಒಂದೇ, ಮರ್ಯಾದೆ ತೋರಿಸಿದ್ದು. ಪಕ್ಕದ ಮೇಜಿನ ಮೇಲೆ ಯಾತ್ರಿಕರಿಗಾಗಿ ಖರ್ಜೂರ, ಕಾಫಿ ಇಟ್ಟಿದ್ದರು. ಅವನು ಎದ್ದುಹೋಗಿ ತಾನೇ ಒಂದು ಬಟ್ಟಲು ಬಗ್ಗಿಸಿ ತಂದ. "ತಗೊಳ್ಳಿ ಚಿಕ್ಕಪ್ಪಾ, ದೂರದಿಂದ ಬಂದಿದ್ದೀರಿ."

ಅವ್ವಾದ್ ಬಟ್ಟಲು ಮುಟ್ಟಲಿಲ್ಲ. ಇಷ್ಟು ವರ್ಷಗಳಲ್ಲಿ ಅವನಿಗೆ ಮೊದಲು ಕಾಫಿ ಕೊಟ್ಟವರು ಯಾರೂ ಇರಲಿಲ್ಲ, ಅವನೇ ಎಲ್ಲರಿಗೂ ಕೊಟ್ಟವನು. ಅವನು ಫ್ಲಾಸ್ಕಿನ ಮುಚ್ಚಳ ತಿರುವಿದ. "ಮೊದಲು ನಂದು ಕುಡಿ ಮಗನೇ."

"ಇಲ್ಲ ಚಿಕ್ಕಪ್ಪಾ, ನೀವು ನಮ್ಮ ನೆಲಕ್ಕೆ ಬಂದಿದ್ದೀರಿ. ನೀವು ಅತಿಥಿ."

"ಮುದ್ರೆ ಬಿದ್ದಿದೆಯಾ?"

"ಇನ್ನೂ ಇಲ್ಲ."

"ಮತ್ತೆ? ಮುದ್ರೆ ಬೀಳೋ ತನಕ ನಾನು ಬಂದಿಲ್ಲ. ಬರದೇ ಇರೋನು ಅತಿಥಿ ಹೇಗಾಗ್ತಾನೆ? ನೀನೇ ಎದ್ದು ನನ್ನ ಹತ್ರ ಬಂದೆ, ನೀನೇ ಅತಿಥಿ."

ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಮಿಶಾಲ್ ನಗುತ್ತ ಕೈಮುಗಿದಂತೆ ಮಾಡಿದ. "ಡ್ಯೂಟಿ ಮೇಲಿದ್ದೀನಿ ಚಿಕ್ಕಪ್ಪಾ. ಪ್ರಯಾಣಿಕರ ಕೈಯಿಂದ ನೀರು ಕೂಡ ತಗೊಳ್ಳೋ ಹಾಗಿಲ್ಲ. ಮೇಲೆ ಕ್ಯಾಮೆರಾ ಇದೆ."

ಗೆರೆಯ ಆಚೆ ನಿಂತ ಖದ್ರಾಳಿಗೆ ಗಂಡನ ಕತ್ತಿನ ನರ ಉಬ್ಬಿದ್ದು ಕಂಡಿತು. "ಅಬು ನವ್ವಾಫ್, ಬೇಡ!" ಅಂತ ಕೂಗುವಷ್ಟರಲ್ಲಿ ಹೊಟ್ಟೆಯಲ್ಲಿ ಬೆಳಗಿನಿಂದ ಕೊಳೆಯುತ್ತಿದ್ದದ್ದೆಲ್ಲ ಒಟ್ಟಿಗೇ ಬಂತು. "ಮೂರು ತಲಾಖ್! ನೀನು ನನ್ನ ಕಾಫಿ ಕುಡಿಯೋ ಮುಂಚೆ ನಾನು ಈ ಗಡಿ ದಾಟಿದ್ರೆ ಖದ್ರಾ ನನ್ನ ಹೆಂಡ್ತಿಯಲ್ಲ!"

ಎಲ್ಲರೂ ತಿರುಗಿ ಖದ್ರಾಳನ್ನು ನೋಡಿದರು. ಅವಳು ಗೆರೆಯ ಆಚೆ, ಮುದ್ರೆ ಬಿದ್ದವಳು. ಅವನು ಗೆರೆಯ ಈಚೆ, ಫ್ಲಾಸ್ಕ್ ಹಿಡಿದವನು. ಅವನು ದಾಟಿದರೆ ಇವಳಿಗೆ ಗಂಡನಿಲ್ಲ, ದಾಟದಿದ್ದರೆ ಜೊತೆಗೆ ಯಾತ್ರೆಯಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಗುವುದು ಅಂದರೆ ಇದೇ.

ಮಿಶಾಲನೂ ಅವ್ವಾದನಂತೆ ಮರುಭೂಮಿಯ ಬದೂ ಕುಲದವನೇ, ಇಂಥ ಆಣೆಯ ಭಾರ ಬಲ್ಲವನು. ಅವನ ಮುಖ ಬಿಳಿಚಿಕೊಂಡಿತು. "ಇದೇನು ಮಾಡಿದ್ರಿ ಚಿಕ್ಕಪ್ಪಾ! ನಿಮ್ಮ ಕಾಫಿ ಕುಡಿದ್ರೆ ನನ್ನ ಕೆಲಸಕ್ಕೆ ಕುತ್ತು, ಕುಡೀದಿದ್ರೆ ನಿಮ್ಮ ಮನೆಗೆ ಕುತ್ತು."

ಅವ್ವಾದನ ಮುಖದ ಬಣ್ಣವೂ ಇಳಿದಿತ್ತು. ಆದರೆ ಬಾಯಿಂದ ಹೊರಟದ್ದನ್ನು ಹಿಂದಕ್ಕೆ ನುಂಗುವುದು ಅವನ ಜಾಯಮಾನವಲ್ಲ. ಸುತ್ತಲಿದ್ದವರು ತಲೆಗೊಂದು ಉಪಾಯ ಹೇಳತೊಡಗಿದರು. ಸಾಹೇಬರ ಪಾಳಿ ಮುಗಿಯುವ ತನಕ ಕಾಯೋಣ ಅಂದ ಒಬ್ಬ. ಪಾಳಿ ಮುಗಿಯುವುದು ಸಂಜೆಗೆ, ಅಷ್ಟು ಹೊತ್ತು ಬಸ್ಸು ನಿಲ್ಲುವುದಿಲ್ಲ ಅಂದ ಡ್ರೈವರ್. ಸಾಹೇಬರು ಬರೀ ಮೂಸಿ ನೋಡಿದರೆ ಸಾಲದೇ ಅಂತ ಉಮ್ಮು ಝೈದ್ ಕೇಳಿದಳು. ಕಡೆಗೆ ಗುಂಪಿನ ಮುಖಂಡ ಮಾಝಿನ್, ಕತ್ತಿಗೆ ಹಸಿರು ಪಟ್ಟಿ ಕಟ್ಟಿಕೊಂಡ ಸೌಮ್ಯ ಮನುಷ್ಯ, ಮುಂದೆ ಬಂದ. "ಹಾಜಿ, ನಮ್ಮ ಜಿಲ್ಲೆಯ ಮುಫ್ತಿ ಶೇಖ್ ಉಬೈದರಿಗೆ ಫೋನ್ ಮಾಡಿ ಕೇಳೋಣ. ಹೆಂಡ್ತಿ ಬಿಡೋ ಮನಸ್ಸಿಲ್ಲದೆ ಬಾಯಿಗೆ ಬಂದ ಆಣೆಯಾದ್ರೆ ಅದಕ್ಕೆ ಪ್ರಾಯಶ್ಚಿತ್ತ ಇದೆ."

"ಫೋನಾ? ಅವ್ವಾದ್ ಫೋನ್ ಮಾಡಿ ತನ್ನ ಮಾತು ವಾಪಸ್ ತಗೊಂಡ ಅಂತ ನಾಳೆ ಕತ್ರಾನಾ ಎಲ್ಲ ನಗ್ಬೇಕಾ? ಆಗಲ್ಲ. ನನ್ನ ನಾಲಿಗೆ ಏನು ಬೆಂದ ಬದನೇಕಾಯಾ?"

ಆಗ ಖದ್ರಾ ಬಾಯಿ ತೆರೆದಳು. ಅವಳ ದನಿ ಏರಿರಲಿಲ್ಲ, ಅದಕ್ಕೇ ಎಲ್ಲರೂ ಕಿವಿಗೊಟ್ಟರು. "ಅಬು ನವ್ವಾಫ್, ಇಲ್ಲಿವರೆಗೂ ನಿಮ್ಮ ಮಾತನ್ನ ನೀವು ಉಳಿಸ್ಕೊಂಡಿದ್ದೀರಿ ಅಂದ್ಕೊಂಡ್ರಾ? ಉಳಿಸಿದೋಳು ನಾನು. ನೀವು ಆಣೆ ಹಾಕಿ ಮೀಸೆ ತಿರುವಿದ್ರಿ, ನಾನು ಒಲೆ ಹಚ್ಚಿದೆ. ಹಬ್ಬದ ದಿನವೂ ಹಚ್ಚಿದೆ, ಜ್ವರ ಬಂದಾಗಲೂ ಹಚ್ಚಿದೆ. ಲಾರಿಗಳ ಹಿಂದೆ ತಟ್ಟೆ ಹಿಡ್ಕೊಂಡು ಓಡಿದೆ. ಇವತ್ತು ಓಡಲ್ಲ. ನನ್ನ ಮುದ್ರೆ ಬಿದ್ದಾಗಿದೆ. ಗುಂಪಿನ ಹೆಂಗಸರ ಜೊತೆ ಹೋಗ್ತೀನಿ. ನೀವು ಫ್ಲಾಸ್ಕ್ ಕಾಯ್ತಾ ಕೂತಿರಿ."

ಹೇಳಿದವಳೇ ಚೀಲ ಎತ್ತಿಕೊಂಡು ಬಾಗಿಲ ಕಡೆ ಹೊರಟಳು. ಹೊರಟಳೇನೋ ಸರಿ, ಕಾಲು ಬರುತ್ತಿರಲಿಲ್ಲ. ಇವನಿಲ್ಲದೆ ಒಂದು ರಾತ್ರಿಯೂ ಕಳೆದವಳಲ್ಲ ಅವಳು. ಹಾಳು ಮುದುಕ, ಕರೆಯಬಾರದೇ, ಒಂದು ಸಲ ಕರೆಯಬಾರದೇ ಅಂತ ಒಳಗೊಳಗೇ ಅಂಗಲಾಚುತ್ತಿದ್ದಳು.

"ಖದ್ರಾ!"

ಅವಳು ನಿಂತಳು. ಮಕ್ಕಳಾದ ಮೇಲೆ ಅವನು ಅವಳನ್ನು ನವ್ವಾಫನ ತಾಯಿ ಅಂತ ಕರೆದವನೇ ಹೊರತು ಎದುರಿಗೆ ಹೆಸರಿಟ್ಟು ಕರೆದದ್ದಿಲ್ಲ. ಅವ್ವಾದ್ ಮಾಝಿನನ ಕಡೆ ಕೈ ಚಾಚಿದ. "ಕೊಡಪ್ಪಾ ಆ ಫೋನು. ನಗೋರು ನಗಲಿ."

ಶೇಖ್ ಉಬೈದರಿಗೆ ವಯಸ್ಸಾಗಿತ್ತು, ಕಿವಿ ಮಂದ. ಮಾಝಿನ್ ಫೋನಿನ ಸದ್ದನ್ನು ಪೂರ್ತಿ ಏರಿಸಿದ. ಆ ಕಡೆಯಿಂದ ಬಂದ ದನಿ ಹಾಲ್‌ಗೆಲ್ಲ ಕೇಳಿಸಿತು. "ಯಾರು? ಯಾವ ಅವ್ವಾದ್? ಪಂಕ್ಚರ್ ಅವ್ವಾದಾ? ಅಯ್ಯೋ ದೇವರೇ! ಈ ಫೋನು ಬಂದೇ ಬರುತ್ತೆ ಅಂತ ನಾನು ವರ್ಷಗಳಿಂದ ಕಾಯ್ತಿದ್ದೆ ಕಣಯ್ಯಾ."

ಹಾಲ್‌ನಲ್ಲಿ ಯಾರೋ ಕಿಸಕ್ಕೆಂದರು. ಮಾಝಿನ್ ನಡೆದದ್ದನ್ನೆಲ್ಲ ವಿವರಿಸಿದ. ಶೇಖ್ ಗಂಟಲು ಸರಿಮಾಡಿಕೊಂಡರು. "ಅವ್ವಾದ್, ದೇವರ ಎದುರು ಹೇಳ್ತಿದ್ದೀನಿ ಅಂದ್ಕೊಂಡು ಹೇಳು. ಆಣೆ ಹಾಕುವಾಗ ಹೆಂಡ್ತೀನ ಬಿಡ್ಬೇಕು ಅನ್ನೋ ಇರಾದೆ ನಿನ್ನ ಮನಸ್ಸಲ್ಲಿ ಇತ್ತಾ?"

ಅವ್ವಾದ್ ಗೋಡೆಗೆ ಮುಖ ಮಾಡಿ ಏನೋ ಗೊಣಗಿದ.

"ಏನಂದೆ? ಜೋರಾಗಿ ಹೇಳು, ಕೇಳಿಸ್ತಿಲ್ಲ!"

"ಇರ್ಲಿಲ್ಲ ಅಂದೆ."

"ಇನ್ನೂ ಜೋರಾಗಿ!"

"ಇರ್ಲಿಲ್ಲ ಶೇಖ್! ಇರ್ಲೇ ಇಲ್ಲ!" ಅವ್ವಾದ್ ಅರಚಿದ. ಆಚೆ ಸಾಲಿನಲ್ಲಿ ಲಗೇಜು ತಪಾಸಣೆ ಮಾಡುತ್ತಿದ್ದವರೂ ಕೈಬಿಟ್ಟು ಇತ್ತ ತಿರುಗಿದರು.

"ಇದಕ್ಕೆ ಮುಂಚೆ ಹಾಕಿದ ಆಣೆಗಳಲ್ಲಿ?"

"ಒಂದ್ರಲ್ಲೂ ಇರ್ಲಿಲ್ಲ! ಕನಸಲ್ಲೂ ಇರ್ಲಿಲ್ಲ!"

"ಮತ್ತೆ ಯಾಕಯ್ಯಾ ಆ ಪುಣ್ಯಾತ್ಗಿತ್ತಿ ಮೇಲೆ ಆಣೆ ಹಾಕ್ತಾ ಬಂದೆ? ಬೇರೆ ಏನೂ ಸಿಗ್ಲಿಲ್ವಾ?"

ಅವ್ವಾದ್ ಗೋಡೆಗೆ ಹಣೆ ಹಚ್ಚಿ ಕೂಗಿದ. ಕೂಗದಿದ್ದರೆ ಶೇಖರಿಗೆ ಕೇಳಿಸುತ್ತಿರಲಿಲ್ಲವಲ್ಲ. "ಮತ್ತೆ ಯಾವುದರ ಮೇಲೆ ಹಾಕ್ಲಿ ಶೇಖ್? ಆಣೆ ಅಂದ್ರೆ, ಕಳ್ಕೊಂಡ್ರೆ ನಾನು ಬದುಕಲ್ಲ ಅನ್ನೋವಂಥದ್ದರ ಮೇಲೆ ಹಾಕ್ಬೇಕು! ಟೈರಿನ ಮೇಲೆ ಆಣೆ ಹಾಕಿದ್ರೆ ಯಾರು ನಂಬ್ತಾರೆ? ನನ್ನ ಹತ್ರ ಅಂಥದ್ದು ಇರೋದು ಇವಳೊಬ್ಬಳೇ!"

ಯಾರೂ ನಗಲಿಲ್ಲ. ಮಿಶಾಲ್ ತಲೆ ತಗ್ಗಿಸಿ ಮೇಜಿನ ಮೇಲಿನ ಕಾಗದಗಳನ್ನು ಸುಮ್ಮನೆ ಜೋಡಿಸಿದ. ಬಾಯಿಬಡುಕಿ ಉಮ್ಮು ಝೈದ್ ಕೂಡ ಬಾಯಿಗೆ ಶಾಲು ಅಡ್ಡ ಹಿಡಿದಿದ್ದಳು. ಖದ್ರಾ ಮಾತ್ರ ಚೀಲ ಹಿಡಿದು ಕಂಬದ ಹಾಗೆ ನಿಂತಿದ್ದಳು, ಕಣ್ಣೀರು ಗಲ್ಲದಿಂದ ಕೆಳಗೆ ಇಳಿಯುತ್ತಿತ್ತು. ಒರೆಸಿಕೊಳ್ಳಬೇಕೆಂದೂ ಅವಳಿಗೆ ಹೊಳೆಯಲಿಲ್ಲ.

ಫೋನಿನಲ್ಲಿ ಶೇಖರು ಮೂಗು ಒರೆಸಿಕೊಂಡ ಸದ್ದಾಯಿತು. "ಹೋಗು, ನಿನ್ನ ಹೆಂಡ್ತಿ ನಿನ್ನವಳೇ. ಹಾಕಿದ ಆಣೆ ಮುರಿಯೋದಕ್ಕೆ ಪ್ರಾಯಶ್ಚಿತ್ತವಾಗಿ ಹತ್ತು ಜನ ಬಡವರಿಗೆ ಹೊಟ್ಟೆ ತುಂಬ ಊಟ ಹಾಕು. ಇನ್ನು ಆಣೆ ಹಾಕಿದೀಯೋ, ಆ ನಿನ್ನ ಹೆಂಡ್ತಿಗೇ ಹೇಳಿ ನಿನ್ನ ನಾಲಿಗೆಗೇ ಪಂಕ್ಚರ್ ಹಾಕಿಸ್ತೀನಿ."

ಮಿಶಾಲ್ ಮುದ್ರೆ ಒತ್ತಿದ. ಬಟ್ಟಲಲ್ಲಿ ಆರಿಹೋಗಿದ್ದ ಕಾಫಿ ಚೆಲ್ಲಿ ಹೊಸದಾಗಿ ಬಗ್ಗಿಸಿ ಮುಂದೆ ಹಿಡಿದ. "ಈಗ ನೀವು ಬಂದ ಹಾಗಾಯ್ತು ಚಿಕ್ಕಪ್ಪಾ. ತಗೊಳ್ಳಿ." ಅವ್ವಾದ್ ಬಟ್ಟಲನ್ನು ಎರಡೂ ಕೈಯಲ್ಲಿ ಈಸಿಕೊಂಡು ಕುಡಿದ. ಅತಿಥಿಯಾಗಿ ಕುಡಿಯುವುದು ಅವನಿಗೆ ಅಭ್ಯಾಸವಿಲ್ಲ, ಅರ್ಧ ಗಡ್ಡಕ್ಕೇ ಹೋಯಿತು.

ಬಸ್ಸು ಹೊರಟಿತು. ಖದ್ರಾ ಕಿಟಕಿಯ ಪಕ್ಕ, ಅವನು ಅವಳ ಪಕ್ಕ. ಅವನೇ ಮೊದಲು ತೊದಲಿದ. "ಹತ್ತು ಜನರಿಗೆ ಊಟ ಅಂದ್ರು. ಊರಿಗೆ ಹೋದ ಮೇಲೆ ಅನ್ನ ಮಾಂಸದ ಮನ್ಸಫ್ ಮಾಡ್ಬಿಡು. ಮೊಸರು ಹೆಚ್ಚಿಗೆ..."

"ನಾನಾ? ಆಣೆ ನಿಮ್ಮದು, ಒಲೆಯೂ ನಿಮ್ಮದೇ. ನಾನು ಕಟ್ಟೆ ಮೇಲೆ ಕೂತ್ಕೊಂಡು ಬಂದವರಿಗೆ ಇನ್ನೊಂದು ತುತ್ತು ಅಂತ ಬಲವಂತ ಮಾಡ್ತೀನಿ."

"ಆಯ್ತು ಮಾರಾಯ್ತಿ."

ಅವಳು ಶಾಲಿನ ತುದಿಯಿಂದ ಅವನ ಗಡ್ಡದ ಮೇಲಿನ ಕಾಫಿ ಒರೆಸಿದಳು. ಒರೆಸುತ್ತಲೇ ಸಿಟ್ಟು ಬಂತು, ಎಷ್ಟೋ ವರ್ಷಗಳ ಸಿಟ್ಟು, ಸಿಹಿಯಾದ ಸಿಟ್ಟು. "ಅಲ್ಲಾ, ಆ ಕಿವುಡು ಶೇಖ್‌ಗೆ ಕೂಗಿ ಹೇಳಿದ್ರಲ್ಲ. ನನ್ನ ಕಿವಿ ಚೆನ್ನಾಗೇ ಇತ್ತಲ್ವಾ? ಇಷ್ಟು ವರ್ಷ ಅಡುಗೆಮನೆ ಬಾಗಿಲಲ್ಲಿ ನಿಂತು ಮೆಲ್ಲಗೆ ಒಂದು ಸಲ ಹೇಳಿದ್ರೆ ಸಾಕಿತ್ತು. ಆ ಲಾರಿಯವರಿಗೆಲ್ಲ ನಾನು ಹಾಡ್ತಾ ಹಾಡ್ತಾ ಬಡಿಸ್ತಿದ್ದೆ."